ಕೆಳಗೆ ಗಾಳಿ ಬಿಡಿ

ರೋಹಿಣಿ ಮಳೆ ಹುಟ್ಟಲು ಇನ್ನೂ ನಾಲ್ಕು ದಿನ ಇತ್ತು. ಹೊತ್ತು ಇಳಿದು ನಾಲ್ಕು ಗಂಟೆ ಆಗಿದ್ದರೂ ಗೇಟಿನ ತಗಡು ಕೈ ಸುಡುವಷ್ಟು ಕಾದಿತ್ತು. ಆ ಹೊತ್ತಿಗೆ ಮರದ ಗಾಡಿ ನಮ್ಮ ಪ್ಲಾಟಿಗೆ ಬಂತು.

ನಮ್ಮದು ಅಂದರೆ ನಾವು ಕಾಯುವುದು. ಆಂಟಾಪ್ ಹಿಲ್‌ನ ಕಾಲೊನಿ ಬಿಲ್ಡಿಂಗುಗಳ ಹಿಂದಿರುವ ಆ ಜಾಗ ಕಾಂತಪ್ಪ ಸಾವಕಾರರದು. ಮಾಟುಂಗದಲ್ಲಿ ಅವರ ಹೋಟೆಲು. ಮದುವೆಗಳಿಗೆ ಅಡುಗೆ ಒಯ್ಯುವ ಅವರ ಎರಡು ಟೆಂಪೊ, ದೊಡ್ಡ ದೊಡ್ಡ ಕೊಪ್ಪರಿಗೆಗಳು, ಕೆಟ್ಟು ಕೂತ ರುಬ್ಬುವ ಯಂತ್ರಗಳು ಅಲ್ಲಿ ಇರುತ್ತವೆ. ಮೂಲೆಯಲ್ಲಿ ಒಂದು ತಗಡಿನ ಶೆಡ್ಡು. ಗೇಟಿನ ಪಕ್ಕದ ಖೋಲಿಯಲ್ಲಿ ನಾನು, ದೇವಕ್ಕ, ಮತ್ತು ನಮ್ಮ ಯಜಮಾನರು, ಹನ್ನೊಂದು ವರ್ಷದಿಂದ. ಬಂಡೆಪ್ಪ ಅಂತ ಅವರ ಹೆಸರು. ಬಾಯಿಂದ ಹೇಳುವುದಿಲ್ಲ, ಬರೆಯುವಾಗ ಬೇಕಲ್ಲ.

ಗಾಡಿಯನ್ನು ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದು ತಂದಿದ್ದರು. ಎರಡೇ ಗಾಲಿ, ಮುಂದೆ ಊರಿಕೊಳ್ಳಲು ಒಂದು ಕಬ್ಬಿಣದ ಕಾಲು. ಅದರ ಮೇಲೆ ಇಬ್ಬರು ಮಲಗುವಷ್ಟು ಒಂದು ಮನೆ. ಒಂದು ಬಾಗಿಲು, ಎರಡು ಕಿಟಕಿ, ಹಿಂದೆ ಮುಚ್ಚಳ ಎತ್ತಿದರೆ ಪುಟ್ಟ ಅಡುಗೆಕಟ್ಟೆ. ಮೈಯೆಲ್ಲ ಕಟ್ಟಿಗೆ, ಜೇನಿನ ಬಣ್ಣದ ಪಾಲಿಶು. ಕಾರಿಗೆ ಕಟ್ಟಿಕೊಂಡು ಊರೂರು ತಿರುಗಿ, ಬೇಕಾದಲ್ಲಿ ನಿಲ್ಲಿಸಿ ಮಲಗುವವರಿಗಂತೆ.

ಅದನ್ನು ಮಾಡಿದವಳು ನಿಖಿತಾ, ಸಾವಕಾರರ ತಂಗಿಯ ಮಗಳು. ಪವಾಯಿಯ ದೊಡ್ಡ ಕಾಲೇಜಿನಲ್ಲಿ ಓದಿ, ಯಾವುದೋ ಆಫೀಸಿನಲ್ಲಿ ಕುರ್ಚಿ ಮೇಜುಗಳ ನಕ್ಷೆ ಬರೆಯುತ್ತಿದ್ದಳು. ಅದನ್ನು ಬಿಟ್ಟು ಒಂದೂವರೆ ವರ್ಷ ಕೂತು ತನ್ನ ಕೈಯಾರೆ ಈ ಗಾಡಿ ಮಾಡಿದ್ದಳು. ಅವಳ ಬಿಲ್ಡಿಂಗಿನ ಸೊಸೈಟಿಯವರು ಇದನ್ನು ಒಳಗೆ ನಿಲ್ಲಿಸಬೇಡ ಅಂತ ನೋಟಿಸು ಅಂಟಿಸಿದ್ದರಿಂದ ಮಾಮನ ಪ್ಲಾಟಿಗೆ ತಂದಳು. ಅವಳ ಕಣ್ಣು ಮಾತ್ರ ಮೂಲೆಯ ಶೆಡ್ಡಿನ ಮೇಲಿತ್ತು. ಅದು ಸಿಕ್ಕರೆ ಅಲ್ಲಿ ಇಂಥವನ್ನೇ ಮಾಡಿ ಮಾರಬೇಕು ಅನ್ನುವುದು ಅವಳ ಆಸೆ.

ಸಾವಕಾರರು ಗಾಡಿಯ ಮೈ ತಟ್ಟಿ ನೋಡಿ ನಕ್ಕರು.

"ಚಂದ ಉಂಟು ಮಗಾ. ದೇವರ ಮಂಟಪದ ಹಾಗೆ ಉಂಟು. ಆದ್ರೆ ನಮ್ಮ ಮುಂಬಯಿ ಮಳೆ ಇದಕ್ಕೆ ಮಂಗಳಾರತಿ ಮಾಡ್ತದೆ."

"ಏನಾಗಲ್ಲ ಮಾಮ."

"ಏನೂ ಆಗುದಿಲ್ವಾ? ಸರಿ. ಒಂದು ಮಳೆಗಾಲ ಇಲ್ಲೇ ಹೊರಗೆ ನಿಲ್ಲಲಿ. ಆಯುಧಪೂಜೆ ದಿನ ನಾನೇ ಬಂದು ಬಾಗಿಲು ತೆಗೀತೇನೆ. ವಾಸನೆ ಬರ್ಬಾರ್ದು, ಮರ ಮೆತ್ತಗಾಗ್ಬಾರ್ದು. ಹಾಗಿದ್ರೆ ಶೆಡ್ಡಿನ ಬೀಗದಕೈ ನಿನಗೆ. ಇಲ್ಲದಿದ್ರೆ ಅದನ್ನು ಬಾಡಿಗೆಗೆ ಕೇಳುವವರು ಇದ್ದಾರೆ, ಅವರಿಗೆ. ನೀನು ಸೀದಾ ವಾಪಸ್ ಆಫೀಸಿಗೆ."

"ಓಕೆ."

"ಮತ್ತೆ ಕೇಳು. ಮೊದಲ ಮಳೆ ಬಿದ್ದ ಮೇಲೆ ನೀನು ಈ ಗೇಟು ದಾಟ್ಬಾರ್ದು. ನಾಳೆ ಯಾರಾದ್ರೂ ಇದನ್ನು ತಗೊಂಡ್ರೆ ಅವರ ಮನೆಗೆ ಹೋಗಿ ದಿನಾ ಒರೆಸ್ತಾ ಕೂತ್ಕೊಳ್ತೀಯಾ? ಮುಚ್ಚುದು, ಕಟ್ಟುದು ಎಲ್ಲ ಬಂಡೆಪ್ಪ ಮಾಡ್ತಾನೆ. ಅವನಿಗಿಂತ ಒಳ್ಳೆಯ ಮನುಷ್ಯ ಈ ವಡಾಲಾ ಕಡೆ ಸಿಕ್ಕುದಿಲ್ಲ."

ಅದು ಸುಳ್ಳಲ್ಲ. ನಾವು ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಆದರೆ ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಚಾಳಿನ ಜನ ನಮ್ಮ ಯಜಮಾನರನ್ನು ಹುಡುಕಿಕೊಂಡು ಬರುತ್ತಿದ್ದರು. ಮಳೆಗೆ ಮೊದಲು ಹಂಚು, ತಗಡಿನ ಮೇಲೆ ನೀಲಿ ತಾಡಪತ್ರಿ ಹಾಸಿ ಹಗ್ಗದಿಂದ ಬಿಗಿಯುವ ಕೆಲಸ. ನಲವತ್ತು ವರ್ಷದಲ್ಲಿ ಅವರು ಕಟ್ಟಿದ ಒಂದೇ ಒಂದು ತಾಡಪತ್ರಿ ಹಾರಿಲ್ಲ. ಇಪ್ಪತ್ತು ವರ್ಷದ ಹಿಂದೆ ಜುಲೈಯಲ್ಲಿ ಊರೆಲ್ಲ ಮುಳುಗಿದಾಗಲೂ ಅವರು ಕಟ್ಟಿದ ಮಾಡಿನ ಕೆಳಗೆ ಜನ ಒಣಗಿದ ಚಾಪೆಯ ಮೇಲೆ ಕೂತಿದ್ದರು. ಅವರದು ಒಂದೇ ಮಾತು: "ಗಾಳಿಗಿ ಬಾಯಿ ಕೊಡಬಾರದು." ಎಲ್ಲಿಯಾದರೂ ಸಂದು ಬಿಟ್ಟರೆ ಗಾಳಿ ಅಲ್ಲಿಂದ ಹೊಕ್ಕು ಇಡೀ ತಾಡಪತ್ರಿಯನ್ನು ಕಿತ್ತುಕೊಂಡು ಹೋಗುತ್ತದೆ.

ಸಾವಕಾರರು ಹೋದ ಮೇಲೆ ಆ ಹುಡುಗಿ ನಮ್ಮ ಕಡೆ ತಿರುಗಿ, "ದಾದಾ, ಇಧರ್ ಪಾನಿ ಕಹಾಂ ತಕ್ ಆತಾ ಹೈ?" ಅಂತ ಮಳೆನೀರು ಏರುವ ಮಟ್ಟ ಕೇಳಿದಳು.

ಅಲ್ಲಿ ನಾನು ಬಾಯಿ ಹಾಕಿದೆ. "ಹಿಂದಿ ಯಾಕವ್ವಾ? ನಿಮ್ಮ ಮಾಮ ನಮ್ಮ ಕೂಡ ಕನ್ನಡಾನ ಮಾತಾಡತಾರ."

ಅವಳು ನಾಚಿದಳು. "ನಂಗೆ ಬರುತ್ತೆ... ಥೋಡಾ ಥೋಡಾ. ಮನೇಲಿ ತುಳು. ಕನ್ನಡ ಅಜ್ಜಿ ಹತ್ರ ಮಾತ್ರ ಇತ್ತು. ಅವರು ಈಗ ಇಲ್ಲ."

"ಹಂಗಾರ ನನ್ನ ಕೂಡ ಮಾತಾಡು. ತಪ್ಪಾದ್ರ ನಾ ಏನ್ ನಗೂದಿಲ್ಲ."

"ಪಕ್ಕಾ ನಗಲ್ಲ?"

"ಇಲ್ಲವ್ವಾ. ನನ್ನ ಮೊಮ್ಮಕ್ಕಳು ನನ್ನ ಕೂಡ ಹಿಂದ್ಯಾಗ ಜಗಳಾಡತಾವ. ನೀ ಒಬ್ಬಾಕಿಯರ ಕನ್ನಡದಾಗ ಮಾತಾಡು."

ಅವತ್ತಿನಿಂದ ನಾನು ಅವಳಿಗೆ ಅಜ್ಜಿ, ಅವರು ಅಜ್ಜ. ಯಜಮಾನರು ಗೋಡೆಯ ಮೇಲೆ ಹೋದ ವರ್ಷದ ನೀರಿನ ಕಲೆ ತೋರಿಸಿದರು. ಅವಳು ಟೇಪು ಹಿಡಿದು ನೆಲಕ್ಕೆ ಕೂತು ಅಳೆದಳು. ಗಾಡಿಯ ತಳದ ಹಲಗೆ ಆ ಕಲೆಗಿಂತ ನಾಲ್ಕು ಬೆರಳು ಮೇಲಿತ್ತು. "ಫ್ಲೋರ್ ಸೇಫ್," ಅಂತ ಎದ್ದು ಕೈ ಜಾಡಿಸಿದಳು. ಹೇಗೆ ಮುಚ್ಚಬೇಕು ಅಂತ ಭಾನುವಾರ ಬಂದು ತೋರಿಸುತ್ತೇನೆ ಎಂದಳು.

ಮಳೆ ಶನಿವಾರವೇ ಬಂತು. ಆ ವರ್ಷ ಎಲ್ಲ ಮುಂಚೆಯೇ. ಮಧ್ಯಾಹ್ನ ಒಂದಕ್ಕೆ ಮೋಡ ಕವಿದು, ಎರಡಕ್ಕೆಲ್ಲ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸದ್ದು. ಮಾಮನಿಗೆ ಕೊಟ್ಟ ಮಾತಿನ ಪ್ರಕಾರ ಅವಳು ಇನ್ನು ಬರುವ ಹಾಗಿರಲಿಲ್ಲ. ಫೋನು ಮಾಡಿದಳು. ಯಜಮಾನರಿಗೆ ಕಿವಿ ಮಂದ, ನಾನೇ ಎತ್ತಿದೆ.

"ಅಜ್ಜಿ, ಈಗಲೇ ತಾಡಪತ್ರಿ ಹಾಕಿ. ಮೇಲೆ ಫುಲ್ ಕವರ್ ಮಾಡಿ. ಕೆಳಗೆ ಗಾಳಿ ಬಿಡಿ. ಕೇಳ್ತಾ ಇದೆಯಾ? ಕೆಳಗೆ ಗಾಳಿ ಬಿಡಿ!"

"ಗಾಳಿ ಬಿಡೂದಾ?"

"ಹಾಂ, ಮರೀಬೇಡಿ. ಗಾಳಿ ಬಹುತ್ ಇಂಪಾರ್ಟೆಂಟ್."

ನನಗೆ ವಿಚಿತ್ರ ಅನಿಸಿತು. ಖಾತ್ರಿ ಮಾಡಿಕೊಳ್ಳೋಣ ಅಂತ ಕೇಳಿದೆ: "ಎರಡೂ ಕಡೀದು ಬಿಡೂದಾ ಮಗಳ?"

"ಹೌದು ಹೌದು, ಎರಡೂ ಕಡೆ! ಥ್ಯಾಂಕ್ಯೂ ಅಜ್ಜಿ!"

ನಾನು ಹೋಗಿ ಹೇಳಿದೆ. ಯಜಮಾನರು ತಲೆ ಮೇಲೆ ಗೋಣಿಚೀಲ ಹೊದ್ದು ಗಾಲಿಯ ಮುಂದೆ ನಿಂತರು.

"ನಿಲ್ಲಿಸೂ ಗಾಡಿ ಕಲ್ಲಿನ ಮ್ಯಾಲ ಏರಸ್ತಾರ. ಗಾಳಿ ಬಿಟ್ಟು ಯಾರ ಕೂಡಸ್ತಾರ?"

"ಅಕಿ ಓದಿದಾಕಿ. ಅಕೀನ ಮಾಡಿದ ಗಾಡಿ. ಎರಡೆರಡು ಸಲ ಹೇಳ್ಯಾಳ, ಮರೀಬ್ಯಾಡ ಅಂದಾಳ. ಬಿರುಗಾಳಿಗಿ ಅಲ್ಲಾಡಬಾರದಂತ ಇರಬೇಕು."

"ನೀ ಸರಿ ಕೇಳಿದಿ ಹೌದಿಲ್ಲೋ?"

"ಕಿವುಡು ನಿಮಗ, ನನಗಲ್ಲ."

ಅವರು ಬಗ್ಗಿ ಕೂತರು. ಮೊಳೆಯೊಂದರಿಂದ ಟಯರಿನ ಬಾಯಿ ಒತ್ತಿ ಹಿಡಿದರು. ಮೊದಲು ಬಲಗಡೆ, ಆಮೇಲೆ ಎಡಗಡೆ. ಸುಸ್ ಅಂತ ಗಾಡಿ ಕೆಳಗೆ ಕೂತಿತು, ಆರು ಬೆರಳಾದರೂ ಇಳಿದಿರಬೇಕು. ಆಮೇಲೆ ತಮ್ಮ ಪದ್ಧತಿಯಂತೆ ಎರಡು ತಾಡಪತ್ರಿ ಒಂದರ ಮೇಲೊಂದು ಹಾಕಿ, ನೆಲದ ತನಕ ಇಳಿಬಿಟ್ಟು, ಅಂಚಿಗೆ ಸಾಲಾಗಿ ಇಟ್ಟಂಗಿ ಹೇರಿ, ಅಡ್ಡ ಉದ್ದ ಹಗ್ಗ ಬಿಗಿದರು. ಬೆರಳು ತೂರಿಸಲು ಸಂದಿಲ್ಲ. ಕೈಯಿಂದ ಬಡಿದರೆ ಡೊಳ್ಳಿನ ಹಾಗೆ ಸದ್ದು ಬರುತ್ತಿತ್ತು. ಅದನ್ನು ನೋಡಿ ನನಗೂ ಹೆಮ್ಮೆಯಾಯಿತು.

ಅವಳು ಪ್ರತಿ ಶುಕ್ರವಾರ ಫೋನು ಮಾಡುತ್ತಿದ್ದಳು. ಗಾಡಿಯ ಬಗ್ಗೆ ಕೇಳುತ್ತಿದ್ದದ್ದು ಕಡಿಮೆ. ಕೇಳಿದರೆ ಮಾಮನಿಗೆ ಮೋಸ ಮಾಡಿದ ಹಾಗೆ ಅಂತ ಅವಳ ಹಟ. ಕನ್ನಡ ಮಾತಾಡಲಿಕ್ಕೇ ಫೋನು. ರೊಟ್ಟಿಗೆ ಏನು ಪಲ್ಯ ಅಂತ ಕೇಳಿ, ಪುಂಡಿಪಲ್ಯ ಅಂದರೆ ಆ ಶಬ್ದಕ್ಕೆ ನಗುತ್ತಿದ್ದಳು. ಒಮ್ಮೆ "ಅಜ್ಜಿ, ನಿಮ್ಮನ್ನ ನೆನೆಸಿದೆ" ಅನ್ನಲು ಹೋಗಿ "ನೆನೆಹಾಕಿದೆ" ಅಂದಳು. ಕಡಲೆಕಾಳೇನ ನಾನು, ಅಂತ ಹೊಟ್ಟೆ ಹಿಡಿದು ನಕ್ಕೆ. ನಗುವುದಿಲ್ಲ ಅಂತ ಕೊಟ್ಟ ಮಾತು ಅಲ್ಲಿ ಮುರಿಯಿತು. ಅವಳೂ ನಕ್ಕಳು. ನಮ್ಮ ಖೋಲಿಯಲ್ಲಿ ಮಾತೇ ಕಡಿಮೆ. ಶುಕ್ರವಾರ ಬಂತೆಂದರೆ ನಾನು ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಓಡಾಡುತ್ತಿದ್ದೆ.

ಮಘಾ ಮಳೆಯಲ್ಲಿ ಎರಡು ಹಗಲು ಒಂದು ರಾತ್ರಿ ಬಿಡದೆ ಹೊಯ್ದಿತು. ಲೋಕಲ್ ರೈಲು ನಿಂತವು. ಪ್ಲಾಟಿನಲ್ಲಿ ನೀರು ಏರಿ ಗೋಡೆಯ ಹಳೆಯ ಕಲೆಗೆ ಸರಿಯಾಗಿ ಬಂದು ನಿಂತಿತು. ನಾವು ಮಂಚದ ಮೇಲೆ ಕಾಲು ಮಡಚಿ ಕೂತಿದ್ದೆವು. ಮೂರನೇ ದಿನ ಬೆಳಿಗ್ಗೆ ನೀರು ಇಳಿಯುವಾಗ ಫೋನು ಬಂತು.

"ಅಜ್ಜಿ, ನೀವು ಸೇಫ್? ಅಜ್ಜ ಸೇಫ್?"

"ಅರಾಮ ಇದ್ದೀವವ್ವಾ."

"ನ್ಯೂಸಲ್ಲಿ ನೋಡಿದೆ. ನಾನು ಕೇಳಬಾರದು, ಆದ್ರೆ ಒಂದೇ ಒಂದು ಮಾತು. ತಾಡಪತ್ರಿ ಕೆಳಗಿಂದ ಕೈ ಹಾಕಿದ್ರೆ ಗಾಳಿ ಬರುತ್ತಲ್ಲ? ನೀವು ಕೆಳಗೆ ಗಾಳಿ ಬಿಟ್ರಲ್ಲ, ಅದು ಆಡ್ತಾ ಇದೆಯಲ್ಲ? ಅದು ಇದ್ರೆ ಮರಕ್ಕೆ ಏನೂ ಆಗಲ್ಲ. ಮಳೆಗಿಂತ ಒಳಗಿನ ಬೆವರೇ ಮರಕ್ಕೆ ಕೆಟ್ಟದ್ದು."

ಆಗ ನನಗೆ ತಿಳಿಯಿತು. ಗಾಳಿ ಬಿಡಿ ಅಂದರೆ ಗಾಳಿ ಆಡಲು ಜಾಗ ಬಿಡಿ. ಎರಡೂ ಕಡೆ ಅಂದರೆ ತಾಡಪತ್ರಿಯ ಎರಡೂ ಬದಿ. ಟಯರಿನ ಮಾತೇ ಅಲ್ಲ.

ಕಾಲ ಕೆಳಗೆ ಕೆಸರು ನೀರು ಹರಿಯುತ್ತಿತ್ತು. ಹೇಳಬೇಕಿತ್ತು. ಹೇಳಿದರೆ ಅವಳು ಓಡಿ ಬರುತ್ತಾಳೆ, ಗೇಟು ದಾಟುತ್ತಾಳೆ, ಮಾಮನ ಹತ್ತಿರ ಸೋಲುತ್ತಾಳೆ ಅಂತ ಒಂದು ಯೋಚನೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಇನ್ನು ಶುಕ್ರವಾರದ ಫೋನು ಬರುವುದಿಲ್ಲ ಅಂತ ನನಗೆ ಭಯವಾಯಿತು.

"ಬರತದವ್ವಾ," ಅಂದೆ. "ಗಾಳಿ ಚಲೋ ಬರತದ."

"ಥ್ಯಾಂಕ್ ಗಾಡ್!"

ಯಜಮಾನರಿಗೆ ಹೇಳಿದಾಗ ಅವರು ಬೈಯಲಿಲ್ಲ. ಹೋಗಿ ಇಟ್ಟಂಗಿ ಸರಿಸಿ ಹಗ್ಗ ಬಿಚ್ಚಿದರು. ತಾಡಪತ್ರಿ ಎತ್ತಿದ ಕೂಡಲೆ ಬಿಸಿ ಹಬೆ ಮುಖಕ್ಕೆ ಹೊಡೆಯಿತು, ಹಳೆಯ ಗೋಣಿಚೀಲದ ವಾಸನೆ. ಜೇನಿನ ಬಣ್ಣದ ಮೈಮೇಲೆ ಬೂದಿ ಬಳಿದ ಹಾಗೆ ಬೂಷ್ಟು. ತಳದ ಹಲಗೆಯ ಮೇಲೆ ಎರಡು ಬೆರಳಷ್ಟು ನೀರಿನ ಕಲೆ. ಗಾಲಿಯಲ್ಲಿ ಗಾಳಿ ಇದ್ದಿದ್ದರೆ ನೀರು ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ.

"ಫೋನ್ ಹಚ್ಚು ಅಕೀಗಿ," ಎಂದರು.

"ಮದಲ ಒಣಗಸೂಣು. ಆಮ್ಯಾಲ ಹೇಳೂಣು."

"ದೇವೀ, ಮರ ಕಾಯೂದಿಲ್ಲ."

"ನಾ ಹೇಳತೀನಿ ಅಂದೆನಲ್ಲ. ಇನ್ನ ಒಂದೂವರಿ ತಿಂಗಳ ಅದ."

ಆ ಒಂದೂವರೆ ತಿಂಗಳು ನಾವು ಮಾಡಿದ ಕೆಲಸ ಒಂದೆರಡಲ್ಲ. ಯಜಮಾನರು ಪಂಪು ತಂದು ಗಾಲಿಗೆ ಗಾಳಿ ತುಂಬಿ, ಕೆಳಗೆ ಕಲ್ಲು ಕೊಟ್ಟು ಎತ್ತರಿಸಿದರು. ಬಿದಿರಿನ ಗಳ ನಿಲ್ಲಿಸಿ ತಾಡಪತ್ರಿಯನ್ನು ಚಪ್ಪರದ ಹಾಗೆ ಮೇಲೆತ್ತಿ ಕಟ್ಟಿದರು, ಗಾಳಿಗೆ ನಾಲ್ಕೂ ಕಡೆ ಬಾಯಿ ಕೊಟ್ಟು. ತಮ್ಮ ಮಾತನ್ನು ತಾವೇ ಬಿಚ್ಚುತ್ತಿದ್ದಾರೆ ಅನಿಸಿ ನನಗೆ ನೋಡಲಾಗಲಿಲ್ಲ. ಬಾಗಿಲ ಬೀಗದಕೈ ಸಾವಕಾರರ ಹತ್ತಿರ ಇತ್ತು. ಕಿಟಕಿಯ ಒಂದು ಗಾಜು ಜರುಗಿಸಿ ಸುಣ್ಣದ ಹರಳು ತುಂಬಿದ ಬುಟ್ಟಿಗಳನ್ನು ಒಳಗೆ ಇಳಿಬಿಟ್ಟೆ. ನಮ್ಮೂರ ಹಗೇವಿನಲ್ಲಿ, ಕಾಳು ತುಂಬಿಡುವ ನೆಲಗುಂಡಿಯಲ್ಲಿ, ಜೋಳಕ್ಕೆ ತೇವ ಹಿಡಿದರೆ ನನ್ನ ಅತ್ತೆ ಹಾಗೆ ಮಾಡುತ್ತಿದ್ದಳು. ಸುಣ್ಣ ನೀರು ಕುಡಿದು ಹಿಟ್ಟಾಗುತ್ತಿತ್ತು, ಮತ್ತೆ ಹೊಸದು ಇಡುತ್ತಿದ್ದೆ. ಹೊರಗಿನ ಬೂಷ್ಟನ್ನು ದಿನಾ ಒಣ ಅರಿವೆಯಿಂದ ಒರೆಸಿದೆ. ಅದು ಎರಡು ದಿನಕ್ಕೆ ಮತ್ತೆ ಬರುತ್ತಿತ್ತು.

ಶುಕ್ರವಾರಗಳೂ ಬಂದವು. ಪ್ರತಿ ಸಲ ಇವತ್ತು ಹೇಳುತ್ತೇನೆ ಅಂದುಕೊಂಡೆ. ಅವಳು, "ಅಜ್ಜಿ, ಹೊಸ ಗಾಡಿಗೆ ಕನ್ನಡ ಹೆಸರು ಇಡ್ತೀನಿ, ನೀವೇ ಹೇಳಿ," ಅಂದ ದಿನವೂ ಹೇಳಲಿಲ್ಲ.

ಆಯುಧಪೂಜೆ ಬುಧವಾರ. ಸಾವಕಾರರು ಮುಂಜಾನೆಯೇ ಬಂದು ಟೆಂಪೊಗಳಿಗೆ ಕುಂಬಳಕಾಯಿ ಒಡೆಸಿ, ಹಾರ ಹಾಕಿಸಿದರು. ನಿಖಿತಾ ಹಸಿರು ಚೂಡಿದಾರ ಹಾಕಿಕೊಂಡು ಬಂದಿದ್ದಳು. ಬಂದವಳೇ ನನ್ನನ್ನು ತಬ್ಬಿದಳು. "ಅಜ್ಜಿ, ಕೊನೆಗೂ!" ಅವಳ ಕೈ ನನ್ನ ಬೆನ್ನಿನ ಮೇಲಿದ್ದಾಗ ನಾನು ಅವಳ ಭುಜದ ಮೇಲಿಂದ ಗಾಡಿಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದೆ.

ಸಾವಕಾರರು ಬೀಗ ತೆಗೆದರು. ಬಾಗಿಲು ಉಬ್ಬಿ ಅಂಟಿಕೊಂಡಿತ್ತು, ಎರಡು ಸಲ ಜಗ್ಗಬೇಕಾಯಿತು. ಮೂಗಿಗೆ ಕರ್ಚೀಫು ಹಿಡಿದರು. ಕೂತು ಗೋಡೆಯ ಬುಡಕ್ಕೆ ಹೆಬ್ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು.

"ನೋಡು ಮಗಾ. ನೆನೆದ ಅವಲಕ್ಕಿ. ಇದ್ರಲ್ಲಿ ಮಲಗ್ಲಿಕ್ಕೆ ಅಲ್ಲ, ಅಣಬೆ ಬೆಳೆಸ್ಲಿಕ್ಕೆ ಆದೀತು."

ಅವಳು ಮಾಮನ ಮಾತು ಕೇಳುತ್ತಿರಲಿಲ್ಲ. ನೆಲಕ್ಕೆ ಕೂತು ನೀರಿನ ಕಲೆಯ ಮೇಲೆ ಬೆರಳು ಓಡಿಸುತ್ತಿದ್ದಳು. "ಇಷ್ಟು ಮೇಲೆ ಹೇಗೆ ಬಂತು? ನಾನು ಮೆಜರ್ ಮಾಡಿದ್ದೆ. ಅಜ್ಜ, ನೀವೇ ತೋರಿಸಿದ್ರಿ."

"ಗಾಳಿ ಬಿಟ್ಟಿದ್ದಿವಲ್ಲವ್ವಾ," ಎಂದರು ಯಜಮಾನರು.

"ಅದಕ್ಕೂ ಇದಕ್ಕೂ ಏನು?"

"ಗಾಲೀದು. ಎರಡೂ ಕಡೀದು. ನೀನ ಹೇಳಿದಂತ."

ಮೊದಲು ತಿಳಿದದ್ದು ಸಾವಕಾರರಿಗೆ. ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಗಾಳಿ ಬಿಡಿ ಅಂದ್ಳಾ! ಅಯ್ಯೋ ಮಾರಾಯ್ತಿ! ನೀನು ತುಳುವಿನಲ್ಲಿ ಹೇಳಿದ್ರೂ ಇವರು ಇದಕ್ಕಿಂತ ಚೆನ್ನಾಗಿ ಮಾಡ್ತಿದ್ರು!"

ನಿಖಿತಾ ಕೂಡ ನಕ್ಕಳು, ಅಳುವವರು ನಗುವ ಹಾಗೆ. ಯಜಮಾನರ ಕೈ ಹಿಡಿದು, "ನನ್ನದೇ ಗಲತಿ ಅಜ್ಜ. ನನ್ನ ಕನ್ನಡ," ಅಂದಳು. ಸಾವಕಾರರು ಕಣ್ಣೊರೆಸಿಕೊಂಡು ಸ್ವಲ್ಪ ಮೆತ್ತಗಾದರು. ಕೆಟ್ಟವರಲ್ಲ ಅವರು.

"ಹಾಗಾದ್ರೆ ಇದು ಮರದ ತಪ್ಪಲ್ಲ. ಮಾತಿನ ತಪ್ಪು. ಅದಕ್ಕೆ ಪರೀಕ್ಷೆ ಫೇಲ್ ಅನ್ಲಿಕ್ಕೆ ಆಗುದಿಲ್ಲ..." ಶೆಡ್ಡಿನ ಕಡೆ ನೋಡಿದರು. ಆಮೇಲೆ ಸುಮ್ಮನೆ ಕೇಳಿದರು: "ಅಲ್ಲ ಬಂಡೆಪ್ಪ, ಇದು ನಿಮಗೆ ಗೊತ್ತಾದದ್ದು ಯಾವಾಗ? ಇವತ್ತಾ?"

ಯಜಮಾನರು ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತ ನಿಂತರು. ಹೌದು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಅನ್ನುವವರಲ್ಲ. ನನ್ನ ಸಲುವಾಗಿ ಅನ್ನಲೂಬಹುದು ಅನಿಸಿದಾಗ ನಾನು ಬಾಯಿ ತೆರೆದೆ.

"ಮಘಾ ಮಳ್ಯಾಗ ಗೊತ್ತಾತ್ರೀ. ಅಕಿ ಫೋನ್ ಮಾಡಿದ ದಿನ. ಇವರಿಗಲ್ಲ, ನನಗ. ಇವರು ಹೇಳು ಅಂದ್ರು. ನಾನ ಹೇಳಲಿಲ್ಲ."

ನಿಖಿತಾ ಎದ್ದು ನಿಂತಳು. "ಆ ದಿನ ನೀವು ಗಾಳಿ ಬರ್ತದೆ ಅಂದ್ರಿ."

"ಅಂದೆ ಮಗಳ."

"ನಾನು ಕೇಳಿದೆ. ನೀವು ಬರ್ತದೆ ಅಂದ್ರಿ. ಆವತ್ತೇ ಬಂದಿದ್ರೆ ಫ್ಲೋರ್ ಕಿತ್ತು ಒಣಗಿಸ್ತಿದ್ದೆ. ಶೆಡ್ ಹೋದ್ರೆ ಹೋಗ್ಲಿ, ಗಾಡಿ ಉಳೀತಿತ್ತು." ಶಬ್ದ ಹುಡುಕಿದಳು. ಸಿಗಲಿಲ್ಲವೋ, ಬೇಡವಾಯಿತೋ. "ಬೋಲ್ನಾ ಚಾಹಿಯೇ ಥಾ ನಾ, ಆಂಟಿ."

ಹೇಳಬೇಕಿತ್ತು ಅಂದಳು. ಅಜ್ಜಿ ಅಲ್ಲ, ಆಂಟಿ ಅಂದಳು. ಆ ದಿನ ಮತ್ತೆ ಅವಳು ನನ್ನ ಹತ್ತಿರ ಆಡಿದ ಎರಡು ಮೂರು ಮಾತು ಎಲ್ಲ ಹಿಂದಿಯೇ. ಮರ್ಯಾದೆಯ ಹಿಂದಿ, ಗೇಟಿಗೆ ಬರುವ ಕೊರಿಯರಿನವರು ಆಡುವಂಥದು.

ಸಾವಕಾರರು ಶೆಡ್ಡನ್ನು ಇನ್ನೊಂದು ವರ್ಷ ಖಾಲಿ ಇಡುತ್ತೇನೆ, ಬರುವ ಮಳೆಗಾಲಕ್ಕೆ ಮತ್ತೊಂದು ಸಲ ನಿಲ್ಲಿಸು ಎಂದರು. ಅವಳು ತುಳುವಿನಲ್ಲಿ ಏನೋ ಉತ್ತರಿಸಿದಳು. ಅವಳು ಹೋದ ಮೇಲೆ ಸಾವಕಾರರು ಅದನ್ನು ನಮಗೆ ಹೇಳಿದರು: "ಇಲ್ಲಿ ಬಿಟ್ಟು ಹೋಗ್ಲಿಕ್ಕೆ ಧೈರ್ಯ ಇಲ್ಲ ಅಂತ. ವಸಯಿಯಲ್ಲಿ ದೋಣಿ ರಿಪೇರಿ ಮಾಡುವವರ ಹತ್ತಿರ ಒಯ್ತಾಳಂತೆ. ಮಾತು ಕೊಟ್ಟ ಹಾಗೆ ಸೋಮವಾರದಿಂದ ಆಫೀಸಿಗೂ ಹೋಗ್ತಾಳಂತೆ. ಭಾನುವಾರ ಭಾನುವಾರ ಮರದ ಕೆಲಸ." ಆಮೇಲೆ, "ಮಾತು ತಪ್ಪು ತಿಳಿಯುದು ಎಲ್ಲರಿಗೂ ಆಗ್ತದೆ ದೇವಕ್ಕ," ಅಂದರು. ತಿಳಿದ ಮೇಲೆ ಮುಚ್ಚಿಟ್ಟದ್ದರ ಮಾತು ಎತ್ತಲಿಲ್ಲ.

ಗುರುವಾರ ದಸರೆ. ಕಾಲೊನಿಯ ಮಕ್ಕಳು ಬನ್ನಿ ಕೊಡಲು ಬಂದರು. ಯಜಮಾನರು ಊಟ ಮಾಡಲಿಲ್ಲ. ಅವತ್ತು ಸಂಜೆ, ಮಾಡಿನ ತಾಡಪತ್ರಿ ಬಿಚ್ಚಿಕೊಡು ಅಂತ ಚಾಳಿನವರೊಬ್ಬರು ಕರೆಯಲು ಬಂದಾಗ, "ಬ್ಯಾರೆಯವರನ್ನ ನೋಡ್ರಿ," ಎಂದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮರುದಿನ ಜೀಪು ಬಂತು. ಕೊಂಡಿ ಹಾಕುವಾಗ ಯಜಮಾನರು ಎರಡೂ ಗಾಲಿಯನ್ನು ಕೈಯಿಂದ ಒತ್ತಿ ನೋಡಿದರು. ನಿಖಿತಾ ಅವರ ಕಾಲು ಮುಟ್ಟಿದಳು. ನನ್ನ ಎದುರಿಗೆ ಬಂದು ನಿಂತು, ತಲೆಯಾಡಿಸಿ ಜೀಪು ಹತ್ತಿದಳು. ಗಾಡಿಯ ತಳದಿಂದ ಮರದ ಚೂರು ಉದುರಿ ಗೇಟಿನ ತನಕ ಸಾಲಾಗಿ ಬಿದ್ದವು. ಯಜಮಾನರು ಮೊರ ತಂದು ಒಂದೊಂದೇ ಆರಿಸಿಕೊಂಡರು.

ಅವಳು ಹೋದದ್ದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಗೆ.